ನೌಕೆಯ ತಡೆಕ್ಷಿಪಣಿ: ಸೆಕೆಂಡಿಗೆ 12 ಕಿ.ಮೀ. ವೇಗದಲ್ಲಿ ಬರುವುದನ್ನು ಎಲ್ಲಿ ತಡೆಯಬೇಕು, ಯಾವುದರಿಂದ?

ಶನಿವಲಯ:

ಶನಿಯ ಉಪಗ್ರಹ ಟೈಟಾನ್ ಆಸುಪಾಸಿನಲ್ಲಿ ಓಡಾಡುವ ಸರಕುನೌಕೆಯೊಂದರ ಕಥೆಗೆ ರಕ್ಷಣಾ ಕ್ಷಿಪಣಿ ಬೇಕಾಗಿದೆ. ಅಂಕಿಗಳನ್ನು ಮೊದಲೇ ಕೊಡ್ತೀನಿ, ತಪ್ಪಿದ್ದರೆ ತಿದ್ದಿ.

ನೌಕೆ 2,000 ಟನ್, ಉದ್ದ 100 ಮೀಟರ್, ವ್ಯಾಸ 20 ಮೀಟರ್. ಮುಖ್ಯ ಎಂಜಿನ್ ಉರಿದರೆ ವೇಗ ಪ್ರತಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಏರುತ್ತೆ. ಶತ್ರು ಕ್ಷಿಪಣಿ 500 ಕೆ.ಜಿ., ವ್ಯಾಸ 80 ಸೆಂ.ಮೀ. ಅದರಲ್ಲಿ ಸ್ಫೋಟಕ ಇಲ್ಲ, ನೇರವಾಗಿ ಬಂದು ಬಡಿಯುವುದೇ ಅದರ ಕೆಲಸ. ನೌಕೆಗೆ ಹೋಲಿಸಿದರೆ ಅದರ ವೇಗ ಸೆಕೆಂಡಿಗೆ 12 ಕಿ.ಮೀ. ನಮ್ಮ ತಡೆಕ್ಷಿಪಣಿ ತಲಾ 100 ಕೆ.ಜಿ., ಒಟ್ಟು 24. ಶತ್ರು ಕಣ್ಣಿಗೆ ಬೀಳುವುದು 1,000 ಕಿ.ಮೀ. ದೂರದಲ್ಲಿ.

ಈಗಿನ ಕರಡಿನಲ್ಲಿ ತಡೆಕ್ಷಿಪಣಿ ನೌಕೆಯಿಂದ 20 ಕಿ.ಮೀ. ದೂರದಲ್ಲಿ ಶತ್ರುವಿನ ಪಕ್ಕಕ್ಕೆ ಹೋಗಿ ಸಿಡಿಯುತ್ತೆ, ಶತ್ರು ಪುಡಿಪುಡಿ ಆಗುತ್ತೆ, ನೌಕೆ ಪಾರಾಗುತ್ತೆ. ಓದುವಾಗ ಚೆನ್ನಾಗಿದೆ, ಆದರೆ ಎಲ್ಲೋ ಎಡವಟ್ಟಾಗಿದೆ ಅನ್ನಿಸ್ತಿದೆ. ದೂರ ಸರಿಯಾ? ಸಿಡಿತಲೆ ಹೇಗಿರಬೇಕು? ಒಂದು ಶತ್ರುವಿಗೆ ಎಷ್ಟು ಬಿಡಬೇಕು?

ಕಕ್ಷಾಗಣಿತ:

ಎಡವಟ್ಟು ಇರೋದು "ಪುಡಿಪುಡಿ" ಅನ್ನೋ ಮಾತಿನಲ್ಲೇ. ನಿರ್ವಾತದಲ್ಲಿ ಚೂರುಗಳನ್ನು ನಿಲ್ಲಿಸೋದಕ್ಕೆ ಗಾಳಿ ಇಲ್ಲ. ಒಡೆದ ಶತ್ರು ಅದೇ 12 ಕಿ.ಮೀ. ವೇಗದಲ್ಲಿ, ಅದೇ ದಿಕ್ಕಿನಲ್ಲಿ ಬರ್ತಾನೇ ಇರುತ್ತೆ. ಆಗಿರೋ ಬದಲಾವಣೆ ಒಂದೇ: ಒಂದು ಗುಂಡು ಇದ್ದದ್ದು ಐವತ್ತು ಸಾವಿರ ಆಗಿದೆ.

ಲೆಕ್ಕ ನೋಡಿ. 500 ಕೆ.ಜಿ. ತಲಾ 10 ಗ್ರಾಂ ಚೂರಾದರೆ 50,000 ಚೂರು. ಅವು ಸೆಕೆಂಡಿಗೆ 300 ಮೀಟರಿನಂತೆ ಅಗಲಕ್ಕೆ ಹರಡುತ್ತವೆ ಅಂತ ಇಟ್ಟುಕೊಳ್ಳಿ. 20 ಕಿ.ಮೀ. ದಾಟೋಕೆ 1.67 ಸೆಕೆಂಡು. ಅಷ್ಟರಲ್ಲಿ ಮೋಡದ ತ್ರಿಜ್ಯ 500 ಮೀಟರ್, ವಿಸ್ತೀರ್ಣ ಸುಮಾರು 7.85 ಲಕ್ಷ ಚದರ ಮೀಟರ್. ನೌಕೆ ಮೂತಿ ತೋರಿಸಿ ನಿಂತಿದ್ದರೆ ಅದರ ಮುಖ 314 ಚದರ ಮೀಟರ್. ಸರಾಸರಿ 20 ಚೂರು ನೌಕೆಗೆ ಬಡಿಯುತ್ತವೆ. 12 ಕಿ.ಮೀ. ವೇಗದಲ್ಲಿ 10 ಗ್ರಾಂ ಚೂರಿನ ಚಲನಶಕ್ತಿ 720 ಕಿಲೋಜೂಲ್, ಅಂದರೆ 170 ಗ್ರಾಂ ಟಿಎನ್‌ಟಿ. ಅಂಥವು ಇಪ್ಪತ್ತು. ನೌಕೆ ಪಾರಾಗಲ್ಲ.

ಇದನ್ನೇ 160 ಕಿ.ಮೀ. ದೂರಕ್ಕೆ ತಳ್ಳಿ. ಹರಡೋಕೆ 13.3 ಸೆಕೆಂಡು ಸಿಗುತ್ತೆ, ತ್ರಿಜ್ಯ 4 ಕಿ.ಮೀ. ಆಗುತ್ತೆ, ಬಡಿಯುವ ಚೂರುಗಳ ಸರಾಸರಿ 0.3ಕ್ಕೆ ಇಳಿಯುತ್ತೆ. ದೂರ ಎಂಟು ಪಟ್ಟಾದರೆ ಪೆಟ್ಟು ಅರವತ್ನಾಲ್ಕನೇ ಒಂದು ಪಾಲು. ರಕ್ಷಣೆಯ ಮುಕ್ಕಾಲು ಪಾಲು ಕೆಲಸ ಮಾಡೋದು ದೂರ, ಸಿಡಿತಲೆ ಅಲ್ಲ.

160 ಅನ್ನೋ ಅಂಕಿಯನ್ನು ಸುಮ್ಮನೆ ಆರಿಸಿಲ್ಲ, ನಿಮ್ಮ 100 ಕೆ.ಜಿ. ಕ್ಷಿಪಣಿಯಿಂದಲೇ ಬಂದದ್ದು. ಅದರಲ್ಲಿ 60 ಕೆ.ಜಿ. ಘನ ಇಂಧನ ಹಾಕಿ. ಎಚ್‌ಟಿಪಿಬಿ ಅನ್ನೋ ರಬ್ಬರಿನಲ್ಲಿ ಕಲಸಿದ ಜಾತಿಯ ಇಂಧನಕ್ಕೆ ನಿರ್ವಾತದಲ್ಲಿ ಅನಿಲದ ವೇಗ ಸೆಕೆಂಡಿಗೆ ಸುಮಾರು 2.85 ಕಿ.ಮೀ. ದ್ರವ್ಯರಾಶಿ 100ರಿಂದ 40ಕ್ಕೆ ಇಳಿದರೆ ಕೊನೆಗೆ ಸಿಗುವ ವೇಗ 2.6 ಕಿ.ಮೀ. 15 ಸೆಕೆಂಡು ಉರಿಸಿದರೆ ಸರಾಸರಿ 18 ಜಿ (ಭೂಮಿಯ ಗುರುತ್ವದ 18 ಪಟ್ಟು). ಉರಿದು ಮುಗಿಯೋ ಹೊತ್ತಿಗೆ ಸುಮಾರು 17 ಕಿ.ಮೀ. ಹೋಗಿರುತ್ತೆ. ಶತ್ರು 1,000 ಕಿ.ಮೀ.ಯಲ್ಲಿ ಕಂಡ ತಕ್ಷಣ ಬಿಟ್ಟರೆ 70ನೇ ಸೆಕೆಂಡಿಗೆ ಇಬ್ಬರೂ ಎದುರಾಗೋದು ನೌಕೆಯಿಂದ 160 ಕಿ.ಮೀ. ಆಚೆ.

ಈಗ ಎಷ್ಟು ಬಿಡಬೇಕು ಅನ್ನೋ ಪ್ರಶ್ನೆ. ಮೊದಲನೆಯದು ತಪ್ಪಿತು ಅಂತ ಗೊತ್ತಾಗಿ, 71ನೇ ಸೆಕೆಂಡಿಗೆ ಎರಡನೆಯದನ್ನು ಬಿಟ್ಟರೆ? ಆಗ ಶತ್ರು 148 ಕಿ.ಮೀ. ದೂರದಲ್ಲಿದೆ. ನಿಮ್ಮ ಕ್ಷಿಪಣಿಯ ಇಂಧನ ಇನ್ನೂ ಉರೀತಿರುವಾಗಲೇ, ನೌಕೆಯಿಂದ ಹತ್ತು ಕಿ.ಮೀ.ಗಿಂತ ಹತ್ತಿರದಲ್ಲಿ ಡಿಕ್ಕಿ ಆಗುತ್ತೆ. ಮೇಲಿನ ಲೆಕ್ಕದ ಪ್ರಕಾರ ಅದರಿಂದ ಪ್ರಯೋಜನ ಇಲ್ಲ. ಹಾಗಾಗಿ 1,000 ಕಿ.ಮೀ. ನೋಟಕ್ಕೆ ಒಂದೇ ಅವಕಾಶ. ಒಟ್ಟೊಟ್ಟಿಗೇ ಎರಡು ಮೂರು ಬಿಡಲೇಬೇಕು. ಒಂದೊಂದರ ಯಶಸ್ಸು ಶೇ. 70 ಆದರೆ ಎರಡಕ್ಕೆ 91, ಮೂರಕ್ಕೆ 97. ಆದರೆ ಈ ಗುಣಾಕಾರ ನಡೆಯೋದು ಸೋಲುಗಳು ಒಂದಕ್ಕೊಂದು ಸಂಬಂಧ ಇಲ್ಲದಿದ್ದಾಗ ಮಾತ್ರ. ಶತ್ರು ತನ್ನಂತೆಯೇ ಕಾಣಲಿ ಅಂತ ಬಿಟ್ಟ ಬಲೂನೊಂದು ಒಂದು ಕ್ಷಿಪಣಿಯ ಸೀಕರನ್ನು (ಗುರಿ ಹುಡುಕುವ ಕಣ್ಣನ್ನು) ಏಮಾರಿಸಿದರೆ ಮೂರನ್ನೂ ಏಮಾರಿಸುತ್ತೆ.

ನೋಟವನ್ನು 5,000 ಕಿ.ಮೀ.ಗೆ ಏರಿಸಿದರೆ ಆಟವೇ ಬೇರೆ. ಮೊದಲ ಭೇಟಿ 872 ಕಿ.ಮೀ.ಯಲ್ಲಿ, ತಪ್ಪಿದ್ದು ನೋಡಿ ಇನ್ನೊಂದು ಬಿಟ್ಟರೂ ಎರಡನೇ ಭೇಟಿ 135 ಕಿ.ಮೀ. ಆಸುಪಾಸು. 24 ಕ್ಷಿಪಣಿ ಇರೋ ನೌಕೆಗೆ ಇನ್ನೂ ಆರು ಕ್ಷಿಪಣಿ ಹೇರೋದಕ್ಕಿಂತ ಒಳ್ಳೆಯ ದೂರದರ್ಶಕ ಕೊಡೋದು ಲಾಭ.

ಬೆಳ್ಳಿಚುಕ್ಕಿ:

ಸಿಡಿತಲೆ ಬಗ್ಗೆ. ಪಕ್ಕದಲ್ಲಿ ಸಿಡಿಯೋದು ವಿಮಾನ ಹೊಡೆಯುವ ಕ್ಷಿಪಣಿಯ ವಿದ್ಯೆ, ಇಲ್ಲಿ ನಡೆಯಲ್ಲ. ಎರಡೂ ಎದುರುಬದುರು ಬರುವಾಗ ಒಟ್ಟು ವೇಗ 14.6 ಕಿ.ಮೀ. ಒಂದು ಮಿಲಿಸೆಕೆಂಡಿಗೆ 14.6 ಮೀಟರ್. ಸ್ಫೋಟಕ ತಳ್ಳಿದ ಚೂರು ಸೆಕೆಂಡಿಗೆ 2 ಕಿ.ಮೀ. ಹೋದರೂ ಆ ಒಂದು ಮಿಲಿಸೆಕೆಂಡಿನಲ್ಲಿ ಹೋಗೋದು 2 ಮೀಟರ್. ಸಿಡಿಯುವ ಗಳಿಗೆ ನಿರ್ಧರಿಸುವ ಫ್ಯೂಜ್ ಒಂದು ಮಿಲಿಸೆಕೆಂಡು ತಡ ಮಾಡಿದರೆ ಚೂರು ತಲುಪೋ ಜಾಗದಲ್ಲಿ ಶತ್ರು ಇರೋದೇ ಇಲ್ಲ.

ಸ್ಫೋಟಕ ಬೇಕಾಗೂ ಇಲ್ಲ. ಸೆಕೆಂಡಿಗೆ 3 ಕಿ.ಮೀ. ದಾಟಿದ ಮೇಲೆ ಯಾವ ವಸ್ತುವಾದರೂ ತನ್ನ ತೂಕದ ಟಿಎನ್‌ಟಿಗಿಂತ ಹೆಚ್ಚು ಶಕ್ತಿ ಹೊತ್ತಿರುತ್ತೆ. ನಿಮ್ಮ ಕ್ಷಿಪಣಿಯ 40 ಕೆ.ಜಿ. ಖಾಲಿ ದೇಹ ಡಿಕ್ಕಿ ಹೊಡೆದರೆ ಒಂದು ಟನ್ ಟಿಎನ್‌ಟಿ. ಕಷ್ಟ ಇರೋದು ತಾಗಿಸೋದರಲ್ಲಿ.

ತಾಗಿಸೋಕೆ ನಿಜವಾದ ಜನ ಮಾಡಿದ್ದನ್ನು ನೋಡಿ. 1968ರಲ್ಲಿ ಸೋವಿಯತ್ ಒಕ್ಕೂಟ ಕಾಸ್ಮಾಸ್-252 ಉಪಗ್ರಹದಿಂದ ಕಾಸ್ಮಾಸ್-248 ಉಪಗ್ರಹವನ್ನು ಹೊಡೆದದ್ದು ಹತ್ತಿರ ಹೋಗಿ ಚೂರು ಎರಚಿ. ಅದು ಒಂದೇ ಬಗೆಯ ಕಕ್ಷೆಯಲ್ಲಿ ಬೆನ್ನಟ್ಟಿದ ಕೆಲಸ, ವೇಗದ ವ್ಯತ್ಯಾಸ ಕಡಿಮೆ. ಎದುರುಬದುರು ಹೊಡೆಯೋಕೆ ಅಮೆರಿಕದವರು 1983-84ರ ಪ್ರಯೋಗಗಳಲ್ಲಿ ಕೊಡೆ ಬಳಸಿದರು. ಅಕ್ಷರಶಃ ಕೊಡೆ: ಕ್ಷಿಪಣಿಯ ಸುತ್ತ ಲೋಹದ ಕಡ್ಡಿಗಳು ಬಿಚ್ಚಿಕೊಂಡು 4 ಮೀಟರ್ ಅಗಲದ ಬಲೆ ಆಗ್ತಿತ್ತು. ಮೊದಲ ಮೂರು ಸಲ ಸೋತು ನಾಲ್ಕನೆಯದು ತಾಗಿತು. 2008ರಲ್ಲಿ ಯುದ್ಧನೌಕೆಯಿಂದ ಹಾರಿಸಿ ಉಪಗ್ರಹ ಕೆಡವಿದಾಗ ಕೊಡೆ ಇಲ್ಲದೆ, ದೇಹದಿಂದಲೇ ಗುದ್ದಿದರು. 2019ರ ಮಾರ್ಚ್ 27ರ ನಮ್ಮ ಮಿಷನ್ ಶಕ್ತಿಯೂ ನೇರ ಗುದ್ದೇ. ಆದರೆ ಆ ಉಪಗ್ರಹಗಳು ತಪ್ಪಿಸಿಕೊಳ್ಳೋಕೆ ನೋಡ್ತಿರಲಿಲ್ಲ. ನಿಮ್ಮ ಶತ್ರು ಅಲ್ಲಾಡುತ್ತೆ, ಹಾಗಾಗಿ ನಿಮಗೆ ಕೊಡೆ ಬೇಕು, 4 ಮೀಟರಿಗಿಂತ ದೊಡ್ಡದು.

ಗುಂಡುಗಳ ಕೊಡೆ ಮಾಡಿ. 2 ಗ್ರಾಂ ತೂಕದ ಟಂಗ್‌ಸ್ಟನ್ ಗುಂಡು, ವ್ಯಾಸ 6 ಮಿ.ಮೀ.ಗೆ ಚೂರು ಕಮ್ಮಿ. ಹತ್ತು ಸಾವಿರ ಗುಂಡಿಗೆ 20 ಕೆ.ಜಿ. 25 ಮೀಟರ್ ತ್ರಿಜ್ಯದ ವೃತ್ತದಲ್ಲಿ ಹರಡಿದರೆ ಚದರ ಮೀಟರಿಗೆ 5. ಶತ್ರುವಿನ ಮುಖ ಅರ್ಧ ಚದರ ಮೀಟರ್, ಸರಾಸರಿ ಎರಡೂವರೆ ಗುಂಡು ತಾಗುತ್ತೆ, ಒಂದೂ ತಾಗದಿರುವ ಸಾಧ್ಯತೆ ಶೇ. 8. ಆಸೆಪಟ್ಟು ತ್ರಿಜ್ಯ 50 ಮೀಟರ್ ಮಾಡಬೇಡಿ. ಆಗ ತಪ್ಪುವ ಸಾಧ್ಯತೆ ಶೇ. 50 ದಾಟುತ್ತೆ.

ಹರಡೋದು ಹೇಗೆ ಅನ್ನೋದೇ ಇದರ ಸೊಗಸು. ಡಬ್ಬಿಯ ನಡುವೆ ಒಂದಿಷ್ಟು ಮದ್ದು ಇಟ್ಟು ಸಿಡಿಸಿದರೆ ಎಲ್ಲ ಗುಂಡಿಗೂ ಹೆಚ್ಚುಕಮ್ಮಿ ಒಂದೇ ವೇಗ ಬರುತ್ತೆ. ಆಗ ಸಿಗೋದು ಬಳೆ: ಅಂಚಿನಲ್ಲೆಲ್ಲ ಗುಂಡು, ನಡುವೆ ಬಟಾಬಯಲು. ಶತ್ರು ಇರೋದು ಸರಿಯಾಗಿ ನಡುವೆ. ಅದರ ಬದಲು ಗುಂಡುಗಳನ್ನು 40 ಸೆಂ.ಮೀ. ವ್ಯಾಸದ ತಟ್ಟೆಯಲ್ಲಿ ಜೋಡಿಸಿ. ದಪ್ಪ ಒಂದೂವರೆ ಸೆಂ.ಮೀ. ಸಾಕು, ಹೆಚ್ಚುಕಮ್ಮಿ ದೋಸೆ ಹೆಂಚಿನ ಅಳತೆ. ತಟ್ಟೆಯನ್ನು ನಿಮಿಷಕ್ಕೆ 955 ಸುತ್ತು ತಿರುಗಿಸಿ, ಸುತ್ತಲಿನ ಪಟ್ಟಿ ಕತ್ತರಿಸಿ. ಅಂಚಿನ ಗುಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಡುತ್ತೆ, ಅರ್ಧದಲ್ಲಿ ಇರೋದು 10, ನಡುವಿನದು ಅಲ್ಲೇ ಇರುತ್ತೆ. ತಟ್ಟೆ ತನ್ನ ರೂಪದಲ್ಲೇ ದೊಡ್ಡದಾಗ್ತಾ ಹೋಗುತ್ತೆ, ಎಲ್ಲಿ ನೋಡಿದರೂ ಸಮ ಸಾಂದ್ರತೆ. 25 ಮೀಟರ್ ಆಗೋಕೆ 1.25 ಸೆಕೆಂಡು ಬೇಕು, ಅಂದರೆ ಶತ್ರು 18 ಕಿ.ಮೀ. ಇರುವಾಗ ಪಟ್ಟಿ ಕತ್ತರಿಸಬೇಕು.

ತಿರುಗಿಸೋಕೆ ತಟ್ಟೆಯ ಅಂಚಿನಲ್ಲಿ ಎದುರುಬದುರು ಎರಡು ಪುಟ್ಟ ಘನ ಇಂಧನದ ಜೆಟ್, ತಲಾ 50 ನ್ಯೂಟನ್, 2 ಸೆಕೆಂಡು. ಒಂದೊಂದಕ್ಕೆ 50 ಗ್ರಾಂ ಇಂಧನ ಸಾಕು. ತಟ್ಟೆ ಬೇರಿಂಗ್ ಮೇಲೆ ಇರಲಿ, ಇಲ್ಲದಿದ್ದರೆ ಸೀಕರೂ ಗಿರಗಿರ ತಿರುಗಿ ಏನೂ ಕಾಣಲ್ಲ.

ಕೆಡೋದು ಎಲ್ಲಿ ಅಂದರೆ: ಪಟ್ಟಿಯನ್ನು ಒಂದೇ ಕಡೆ ಕತ್ತರಿಸಿದರೆ ಅದು ಒಂದು ಬದಿಯಿಂದ ಬಿಚ್ಚಿಕೊಳ್ಳುತ್ತೆ. ತಟ್ಟೆ ಒಂದು ಮಿಲಿಸೆಕೆಂಡಿಗೆ ಸುಮಾರು 6 ಡಿಗ್ರಿ ತಿರುಗ್ತಿರುವಾಗ ಒಂದು ಬದಿ ತಡವಾದರೆ ಮೋಡ ಓರೆಯಾಗುತ್ತೆ. ನಾಲ್ಕು ಕಡೆ ಒಟ್ಟಿಗೇ ಕತ್ತರಿಸಬೇಕು. ಅಂಚಿನಲ್ಲಿ 200 ಜಿ ಇರುತ್ತೆ. ಗುಂಡುಗಳನ್ನು ಹಿಡಿದಿರೋ ಫೋಮ್ ಮೊದಲೇ ಕುಸಿದು ಗುಂಡೆಲ್ಲ ಹೊರಕ್ಕೆ ಒತ್ತಿಕೊಂಡರೆ ಮತ್ತೆ ಬಳೆಯೇ ಆಗುತ್ತೆ. ಒಂದು ಜೆಟ್ ಹತ್ತಲಿಲ್ಲ ಅಂದರೆ ಅರ್ಧ ವೇಗ ಮಾತ್ರ, ಆಗ 2.5 ಸೆಕೆಂಡು ಮುಂಚೆ ಬಿಡಬೇಕು. ಆದ್ದರಿಂದ ಬಿಡುವ ಗಳಿಗೆಯನ್ನು ಮೊದಲೇ ಬರೆದಿಡಬೇಡಿ. ಸುತ್ತು ಎಣಿಸಿ, ಅದರ ಪ್ರಕಾರ ಕತ್ತರಿಸಲಿ. ಶತ್ರು 5 ಸೆಕೆಂಡು ದೂರ ಇರುವಾಗಲೇ ತಿರುಗಿಸೋಕೆ ಶುರು ಮಾಡಿದರೆ ಇದಕ್ಕೆ ಸಮಯ ಸಿಗುತ್ತೆ.

ಇನ್ನು ಕಕ್ಷಾಗಣಿತ ಅವರ ಲೆಕ್ಕಕ್ಕೆ ಒಂದು ಸೇರಿಕೆ. ಶತ್ರುವನ್ನು ಪುಡಿ ಮಾಡೋದೇ ಬೇಡ. ಎರಡು ಮೂರು ಗುಂಡು ತಾಗಿ ಕಣ್ಣು ಅಥವಾ ಇಂಧನದ ಟ್ಯಾಂಕ್ ಹೋದರೆ ಅದು ಕುರುಡು ಕಲ್ಲು. ಕುರುಡು ಕಲ್ಲಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರಾಯ್ತು. 160 ಕಿ.ಮೀ.ಯಲ್ಲಿ ತಡೆದರೆ 13.3 ಸೆಕೆಂಡು ಕೈಯಲ್ಲಿದೆ, ಮುಖ್ಯ ಎಂಜಿನ್ ಅಷ್ಟರಲ್ಲಿ ನೌಕೆಯನ್ನು 44 ಮೀಟರ್ ಸರಿಸುತ್ತೆ. ಸಾಕು.

ಕಪ್ಪುಕನ್ನಡಿ:

ಬೆಳ್ಳಿಚುಕ್ಕಿ ಅವರೇ, ತಟ್ಟೆ ಒಪ್ಪಿದೆ, ಆದರೆ ಕೊನೆಯ ಮಾತು ಒಪ್ಪಲ್ಲ. ಮುಖ್ಯ ಎಂಜಿನ್ ತಳ್ಳೋದು ನೌಕೆಯ ಉದ್ದಕ್ಕೆ. ಪಕ್ಕಕ್ಕೆ ಸರಿಯಬೇಕಾದರೆ ನೌಕೆ ಶತ್ರುವಿಗೆ ಅಡ್ಡಲಾಗಿ ನಿಂತಿರಬೇಕು, ಆಗ 314 ಅಲ್ಲ, 2,000 ಚದರ ಮೀಟರ್ ಮೈ ಒಡ್ಡಿದ ಹಾಗೆ. ಶತ್ರು ನಡುಮಧ್ಯಕ್ಕೆ ಗುರಿ ಇಟ್ಟಿದ್ದರೆ 44 ಮೀಟರ್ ಮುಂದೆ ಹೋದರೂ ಅದು ನೌಕೆಯ ಬಾಲಕ್ಕೇ ಬಡಿಯುತ್ತೆ; ನಡುವಿನಿಂದ ಬಾಲಕ್ಕೆ 50 ಮೀಟರ್ ಇದೆ.

ಮೂತಿ ಶತ್ರುವಿನ ಕಡೆಗೇ ಇರಲಿ, ಸರಿಯೋಕೆ ಪಕ್ಕದ ಥ್ರಸ್ಟರ್ ಕೊಡಿ. ಮೂತಿಯ ತ್ರಿಜ್ಯ 10 ಮೀಟರ್ ಮಾತ್ರ. 13.3 ಸೆಕೆಂಡಿನಲ್ಲಿ 13 ಮೀಟರ್ ಸರಿಯೋಕೆ 0.15 ಮೀ. ವೇಗೋತ್ಕರ್ಷ ಸಾಕು, 2,000 ಟನ್ನಿಗೆ 300 ಕಿಲೋನ್ಯೂಟನ್. ಇಸ್ರೋದ ಸಿಇ-7.5 ಕ್ರಯೋಜೆನಿಕ್ ಎಂಜಿನ್ನಿನ ಬಲ ಸುಮಾರು 73.5 ಕಿಲೋನ್ಯೂಟನ್, ಅಂಥ ನಾಲ್ಕು, ಎರಡು ಮುಂದೆ ಎರಡು ಹಿಂದೆ. ಒಂದೇ ತುದಿಗೆ ಹಾಕಿದರೆ ನೌಕೆ ಸರಿಯೋ ಬದಲು ತಿರುಗುತ್ತೆ. ಆದರೆ ಅವು ಆಜ್ಞೆ ಬಂದ ಒಂದು ಸೆಕೆಂಡಿನೊಳಗೆ ಪೂರ್ತಿ ಬಲಕ್ಕೆ ಬರಬೇಕು. ಕ್ರಯೋಜೆನಿಕ್ ಎಂಜಿನ್ನಿಗೆ ಮೊದಲು ಕೊಳವೆಗಳನ್ನು ತಣಿಸಿಕೊಳ್ಳಬೇಕು, ಹಾಗಾಗಿ ಇಲ್ಲಿಗೆ ಅದು ಬೇಡ. ಬೆರೆತೊಡನೆ ತಾನೇ ಹೊತ್ತಿಕೊಳ್ಳುವ ದ್ರವ ಇಂಧನದ ಎಂಜಿನ್ನೇ ಸರಿ.

ಶತ್ರುವಿನ ತಪ್ಪಿಸಿಕೊಳ್ಳುವ ಶಕ್ತಿಯನ್ನು ಯಾರೂ ಲೆಕ್ಕಕ್ಕೆ ತಗೊಂಡಿಲ್ಲ. ಗುಂಡು ಬಿಟ್ಟ ಮೇಲೆ ಮೋಡವನ್ನು ತಿರುಗಿಸೋಕೆ ಆಗಲ್ಲ. ಶತ್ರು 2 ಜಿ ಅಡ್ಡ ಹಾರಿದರೆ 1.25 ಸೆಕೆಂಡಿನಲ್ಲಿ 16 ಮೀಟರ್ ಸರಿಯುತ್ತೆ, 25 ಮೀಟರ್ ಮೋಡದ ಒಳಗೇ ಇರುತ್ತೆ. 5 ಜಿ ಹಾರಿದರೆ 39 ಮೀಟರ್, ಆಚೆ ಹೋಯ್ತು. ಪರಿಹಾರ ಮೋಡ ದೊಡ್ಡದು ಮಾಡೋದಲ್ಲ, ತಡವಾಗಿ ಬಿಡೋದು. ತಟ್ಟೆಯನ್ನು ಎರಡರಷ್ಟು ವೇಗದಲ್ಲಿ ತಿರುಗಿಸಿ 0.63 ಸೆಕೆಂಡು ಮುಂಚೆ ಬಿಟ್ಟರೆ 5 ಜಿ ಶತ್ರುವೂ 10 ಮೀಟರ್ ಮಾತ್ರ ಸರಿಯುತ್ತೆ. ಅಂಚಿನ ಭಾರ 800 ಜಿ ಆಗುತ್ತೆ, ಪಟ್ಟಿ ಅದನ್ನು ತಡೆಯೋ ಹಾಗಿರಬೇಕು. ಒಳ್ಳೆಯ ವಿಷಯ ಏನಂದರೆ, ಶತ್ರು ಹಾಗೆ ಹಾರಿದಾಗ ಅದು ಬಿಟ್ಟ ಬಲೂನುಗಳು ಜೊತೆಗೆ ಹಾರಲ್ಲ. ಎಂಜಿನ್ ಇರೋದು ಯಾವುದಕ್ಕೆ ಅಂತ ಅಲ್ಲೇ ಬಯಲಾಗುತ್ತೆ.

ಸೀಕರ್ ವಿಷಯ. ಭೂಮಿಯ ಹತ್ತಿರ ಕೆಲಸ ಮಾಡೋ ಶಾಖದ ಸೀಕರನ್ನು ಶನಿಗೆ ಹಾಗೇ ಒಯ್ಯಬೇಡಿ. ಅಲ್ಲಿ ಬಿಸಿಲು ಭೂಮಿಯ ತೊಂಬತ್ತನೇ ಒಂದು ಪಾಲು. ಎಂಜಿನ್ ಆರಿಸಿ ತೇಲಿ ಬರುವ ಶತ್ರುವಿನ ಹೊರಮೈ ಮೈನಸ್ 150 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಿರಬಹುದು, 4 ಮೈಕ್ರಾನ್ ತರಂಗದಲ್ಲಿ ಹೆಚ್ಚುಕಮ್ಮಿ ಏನೂ ಕಾಣಲ್ಲ. ನೌಕೆಯಿಂದ 1 ಮೈಕ್ರಾನ್ ಲೇಸರ್ ಬೆಳಕು ಚೆಲ್ಲಿ, ಕ್ಷಿಪಣಿಯ 10 ಸೆಂ.ಮೀ. ಮಸೂರ ಅದರ ಪ್ರತಿಫಲನವನ್ನು ನೋಡಲಿ. ಅದರ ಕಣ್ಣಿನ ಸೂಕ್ಷ್ಮತೆ 12 ಮೈಕ್ರೋರೇಡಿಯನ್: 146 ಕಿ.ಮೀ. ದೂರದಲ್ಲಿ 1.8 ಮೀಟರ್, 18 ಕಿ.ಮೀ.ಯಲ್ಲಿ ಒಂದು ಗೇಣು. ಸೀಕರನ್ನು ಮೈನಸ್ 196 ಡಿಗ್ರಿಗೆ ತಣಿಸೋ ಕಷ್ಟವೂ ತಪ್ಪುತ್ತೆ.

ದಾರಿ ತಿದ್ದೋದನ್ನು ಕೊನೆಗೆ ಇಟ್ಟುಕೊಂಡರೆ ಕೆಟ್ಟಿತು. 500 ಮೀಟರ್ ತಪ್ಪನ್ನು 10 ಸೆಕೆಂಡು ಮುಂಚೆ ತಿದ್ದೋಕೆ 1 ಜಿ ಸಾಕು, ಖರ್ಚಾಗೋದು ಸೆಕೆಂಡಿಗೆ 100 ಮೀಟರ್ ವೇಗ. 2 ಸೆಕೆಂಡು ಮುಂಚೆ ಅಂದರೆ 25 ಜಿ, 500 ಮೀಟರ್ ವೇಗ. 40 ಕೆ.ಜಿ. ದೇಹದಲ್ಲಿ 2.5 ಕೆ.ಜಿ. ದ್ರವ ಇಂಧನ ಇಟ್ಟರೆ ನಿಮಗೆ ಸಿಗೋದು ಒಟ್ಟು 175 ಮೀಟರ್. ಮಾರ್ಗದರ್ಶನಕ್ಕೆ ಹಳೆಯ ಸೂತ್ರವೇ ಸಾಕು: ಗುರಿ ಕಾಣುವ ದಿಕ್ಕು ಬದಲಾಗದೆ ಗಾತ್ರ ಮಾತ್ರ ದೊಡ್ಡದಾಗ್ತಿದ್ದರೆ ಡಿಕ್ಕಿ ಖಚಿತ. ದಿಕ್ಕು ಬದಲಾದಷ್ಟಕ್ಕೆ 3ರಿಂದ 5 ಪಟ್ಟು ತಿರುವು ಕೊಡ್ತಾ ಹೋಗಬೇಕು.

ಶನಿವಲಯ:

ಇಷ್ಟು ಸ್ಪಷ್ಟವಾಗಿ ಸಿಗುತ್ತೆ ಅಂದುಕೊಂಡಿರಲಿಲ್ಲ, ತುಂಬಾ ಧನ್ಯವಾದ. 20 ಕಿ.ಮೀ. ದೃಶ್ಯವನ್ನು ಪೂರ್ತಿ ತೆಗೀತಿದ್ದೀನಿ. ಇನ್ನೆರಡು ವಿಷಯ. ಕ್ಷಿಪಣಿಗಳು ನೌಕೆಯ ಹೊರಮೈಯ ಕೊಳವೆಗಳಲ್ಲಿ ಆರು ವರ್ಷ ಸುಮ್ಮನೆ ಕೂತಿರುತ್ತವೆ. ಆಮೇಲೆ ಒಂದು ದಿನ ಹತ್ತು ಸೆಕೆಂಡಿನಲ್ಲಿ ಹೊರಡಬೇಕು. ಏನೇನು ಕೆಟ್ಟಿರುತ್ತೆ? ಎರಡನೆಯದು, ತಾಗದೆ ಹೋದ ಗುಂಡುಗಳು ಆಮೇಲೆ ಎಲ್ಲಿಗೆ ಹೋಗುತ್ತವೆ?

ಘನಇಂಧನ:

ಮೊದಲನೆಯದಕ್ಕೆ. ಕೆಡೋದರಲ್ಲಿ ಮೊದಲ ಹೆಸರು ಇಂಧನದ ಅಚ್ಚು. ಘನ ಇಂಧನ ಅಂದರೆ ರಬ್ಬರಿನಲ್ಲಿ ಕಲಸಿದ, ಆಮ್ಲಜನಕ ಒದಗಿಸುವ ಉಪ್ಪು ಮತ್ತು ಅಲ್ಯೂಮಿನಿಯಂ ಪುಡಿ. ತೀರಾ ತಣ್ಣಗಾದರೆ ರಬ್ಬರ್ ಗಡುಸಾಗುತ್ತೆ, ಹೊರಕವಚಕ್ಕಿಂತ ಹೆಚ್ಚು ಕುಗ್ಗುತ್ತೆ, ಬಿರುಕು ಬಿಡುತ್ತೆ ಅಥವಾ ಕವಚದಿಂದ ಕಿತ್ತುಕೊಳ್ಳುತ್ತೆ. ಬಿರುಕು ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಹೊತ್ತಿಸಿದಾಗ ಬೆಂಕಿ ಅದರೊಳಗೆ ನುಗ್ಗುತ್ತೆ, ಉರಿಯುವ ಮೈ ಹೆಚ್ಚಾಗುತ್ತೆ, ಒತ್ತಡ ಏರುತ್ತೆ, ಕವಚ ಒಡೆಯುತ್ತೆ. ಅದಕ್ಕೇ ಕೊಳವೆಗೆ ಹೀಟರ್ ಬೇಕು, 24 ಗಂಟೆಯೂ. ನೌಕೆಯ ವಿದ್ಯುತ್ ಒಂದು ದಿನ ಕೈಕೊಟ್ಟಿತು ಅಂದರೆ ಆ 24 ಕ್ಷಿಪಣಿಗಳ ಮೇಲೂ ಸಂಶಯ ಪಡಬೇಕು. ಕಥೆಗೆ ಇದು ಒಳ್ಳೆಯ ಎಳೆ: ಹೊರಗಿನಿಂದ ನೋಡಿದರೆ ಎಲ್ಲ ಸರಿ, ಯಾವುದು ಬಿರುಕು ಬಿಟ್ಟಿದೆ ಅಂತ ಎಕ್ಸ್-ರೇ ತೆಗೆಯದೆ ಹೇಳೋಕಾಗಲ್ಲ.

ದಾರಿ ತಿದ್ದುವ ದ್ರವ ಇಂಧನಕ್ಕೂ ಅದೇ ಚಿಂತೆ. ನೈಟ್ರೋಜನ್ ಟೆಟ್ರಾಕ್ಸೈಡ್ ಮೈನಸ್ 11 ಡಿಗ್ರಿಗೇ ಹೆಪ್ಪುಗಟ್ಟುತ್ತೆ. ಅದರ ಜೊತೆಗಾರ ಮಾನೋಮೀಥೈಲ್ ಹೈಡ್ರಜೀನ್ ಮೈನಸ್ 52ರ ತನಕ ತಡೆಯುತ್ತೆ. ಒಂದು ಹೆಪ್ಪುಗಟ್ಟಿ ಇನ್ನೊಂದು ಹರಿದರೆ ಥ್ರಸ್ಟರ್ ಹತ್ತೋದೇ ಇಲ್ಲ. ಆರು ವರ್ಷ ಕೂತರೆ ವಾಲ್ವಿನ ಸೀಲುಗಳನ್ನೂ ನೋಡಬೇಕಾಗುತ್ತೆ.

ಬ್ಯಾಟರಿಗೆ ಥರ್ಮಲ್ ಬ್ಯಾಟರಿ ಹಾಕಿ. ಅದರೊಳಗಿನ ಲವಣ ಗಟ್ಟಿಯಾಗಿ ಇರುವತನಕ ಏನೂ ನಡೆಯಲ್ಲ, ದಶಕಗಟ್ಟಲೆ ಕೆಡಲ್ಲ. ಹೊರಡುವಾಗ ಒಳಗಿನ ಬಿಸಿಮದ್ದು ಹೊತ್ತಿಸಿದರೆ ಲವಣ ಕರಗಿ ಒಂದೆರಡು ಸೆಕೆಂಡಿನಲ್ಲಿ ಪೂರ್ತಿ ವಿದ್ಯುತ್. ಕೆಲವು ನಿಮಿಷ ಇರುತ್ತೆ, ನಿಮಗೆ ಬೇಕಾಗಿರೋದು 70 ಸೆಕೆಂಡು. ಆದರೆ ಒಮ್ಮೆ ಹೊತ್ತಿಸಿದರೆ ಹಿಂದಕ್ಕಿಲ್ಲ. ಸುಳ್ಳು ಎಚ್ಚರಿಕೆಗೆ ಹೊತ್ತಿಸಿಬಿಟ್ಟರೆ ಆ ಕ್ಷಿಪಣಿ ಹೋದ ಹಾಗೇ. 5,000 ಕಿ.ಮೀ. ಮಾಡಿದರೆ 344 ಸೆಕೆಂಡು ಹಾರಾಟ, ಬ್ಯಾಟರಿಯನ್ನೂ ಅದಕ್ಕೆ ತಕ್ಕ ಹಾಗೆ ದೊಡ್ಡದು ಮಾಡಿ.

ಕೊಳವೆಯೊಳಗೆ ಎಂಜಿನ್ ಹೊತ್ತಿಸಬೇಡಿ. ನಿರ್ವಾತದಲ್ಲಿ ಬೆಂಕಿಯ ಬಾಲ ನೇರವಾಗಿ ಹೋಗಲ್ಲ, ಕೊಡೆಯಂತೆ ಅಗಲಿಸಿ ಪಕ್ಕಕ್ಕೂ ಬರುತ್ತೆ; ಅಲ್ಯೂಮಿನಿಯಂ ಆಕ್ಸೈಡ್ ಮಸಿ ನಿಮ್ಮ ದೂರದರ್ಶಕದ ಗಾಜಿನ ಮೇಲೆ ಕೂರುತ್ತೆ. ಅನಿಲದ ಒತ್ತಡದಿಂದ ಸೆಕೆಂಡಿಗೆ 30 ಮೀಟರಿಗೆ ಹೊರಗೆ ತಳ್ಳಿ, ಮೂರು ಸೆಕೆಂಡು ಕಾದು, 90 ಮೀಟರ್ ಆಚೆ ಹೊತ್ತಿಸಿ. ಆ ಮೂರು ಸೆಕೆಂಡಿನಿಂದ ಭೇಟಿಯ ಜಾಗ ಐದಾರು ಕಿ.ಮೀ. ಹತ್ತಿರ ಬರುತ್ತೆ, ಅದನ್ನು ಒಪ್ಪಿಕೊಳ್ಳಲೇಬೇಕು.

ಒಂದು ಚಿಕ್ಕ ವಿಷಯ, ಆದರೆ ಇದರಲ್ಲೇ ಗುರಿ ತಪ್ಪುತ್ತೆ. 100 ಕೆ.ಜಿ.ಯನ್ನು 30 ಮೀಟರ್ ವೇಗದಲ್ಲಿ ಅಡ್ಡಕ್ಕೆ ತಳ್ಳಿದರೆ ನೌಕೆಗೂ ಅಷ್ಟೇ ತಳ್ಳು ಹಿಂದಕ್ಕೆ ಬೀಳುತ್ತೆ. 2,000 ಟನ್ ನೌಕೆ ಅದರಿಂದ ಸರಿಯೋದು ಸೆಕೆಂಡಿಗೆ ಒಂದೂವರೆ ಮಿಲಿಮೀಟರ್, ಲೆಕ್ಕಕ್ಕಿಲ್ಲ. ಆದರೆ ಕೊಳವೆ ನಡುವಿನಿಂದ 40 ಮೀಟರ್ ದೂರ ಇದ್ದರೆ ನೌಕೆ ಸೆಕೆಂಡಿಗೆ 72 ಮೈಕ್ರೋರೇಡಿಯನ್ ತಿರುಗೋಕೆ ಶುರುವಾಗುತ್ತೆ. 1,000 ಕಿ.ಮೀ. ದೂರದಲ್ಲಿ ಅದು ಸೆಕೆಂಡಿಗೆ 72 ಮೀಟರ್. ಕಪ್ಪುಕನ್ನಡಿ ಅವರು ಹೇಳಿದ ಲೇಸರ್ ಬೆಳಕು ಐದು ಸೆಕೆಂಡಿನಲ್ಲಿ ಶತ್ರುವಿನಿಂದ 360 ಮೀಟರ್ ಜಾರಿಬಿಡುತ್ತೆ. ಎರಡು ಪಕ್ಕಕ್ಕೂ ಒಂದೊಂದು ಜೋಡಿಯಾಗಿ ತಳ್ಳಿ. ಹೇಗೂ ಎರಡು ಬಿಡಬೇಕಲ್ಲ.

ಕಕ್ಷಾಗಣಿತ:

ಎರಡನೆಯ ಪ್ರಶ್ನೆಗೆ. ನೌಕೆ ಟೈಟಾನ್ ಕಕ್ಷೆಯ ದೂರದಲ್ಲೇ ಶನಿಯನ್ನು ಸುತ್ತುತ್ತಿದೆ ಅಂತ ಇಟ್ಟುಕೊಳ್ಳಿ. ಅಲ್ಲಿ ಸುತ್ತುವ ವೇಗ ಸೆಕೆಂಡಿಗೆ 5.57 ಕಿ.ಮೀ., ಶನಿಯಿಂದ ಬಿಡಿಸಿಕೊಂಡು ಹೋಗೋಕೆ 7.9 ಕಿ.ಮೀ. ಬೇಕು.

ದಾಳಿ ಹಿಂದಿನಿಂದ ಬಂದರೆ ನಿಮ್ಮ ಗುಂಡುಗಳು ಹಿಂದಕ್ಕೆ ಹೋಗುತ್ತವೆ. 5.57ರಲ್ಲಿ 2.6 ಕಳೆದರೆ ಉಳಿಯೋದು 3ಕ್ಕೆ ಸ್ವಲ್ಪ ಕಡಿಮೆ. ಅವು ಶನಿಯ ಕಡೆಗೆ ಬೀಳುತ್ತವೆ, ಶನಿಯ ಕೇಂದ್ರದಿಂದ ಸುಮಾರು 2 ಲಕ್ಷ ಕಿ.ಮೀ. ತನಕ, ಅಂದರೆ ಶನಿಯ ಇನ್ನೊಂದು ಉಪಗ್ರಹ ಎನ್ಸೆಲಾಡಸ್ ಕಕ್ಷೆಯ ಒಳಕ್ಕೆ ಹೋಗಿ ಮತ್ತೆ ಟೈಟಾನ್ ದೂರಕ್ಕೆ ಮರಳುತ್ತವೆ. ಒಂದು ಸುತ್ತಿಗೆ 7 ದಿನ. ಹತ್ತು ಸಾವಿರ ಗುಂಡು, ವಾರಕ್ಕೊಮ್ಮೆ. ಅದೇ ಹಿಂದಿನಿಂದ ಬಂದ ಶತ್ರುವಿನ ಚೂರುಗಳ ವೇಗ 17 ದಾಟಿರುತ್ತೆ, ಅವು ಶನಿಯನ್ನು ಬಿಟ್ಟು ಹೋಗುತ್ತವೆ.

ದಾಳಿ ಮುಂದಿನಿಂದ ಬಂದರೆ ತಿರುಗುಮುರುಗು. ನಿಮ್ಮ ಗುಂಡುಗಳ ವೇಗ 8.17, ಅವು ಶನಿಯಿಂದ ಹೊರಟುಹೋಗುತ್ತವೆ. ಶತ್ರುವಿನ ವೇಗ 12ರಲ್ಲಿ 5.57 ಕಳೆದು 6.4, ಅದೂ ವಿರುದ್ಧ ದಿಕ್ಕಿನಲ್ಲಿ. ಆ ಕುರುಡು ದೇಹ ಶನಿಗೇ ಕಟ್ಟಿಬಿದ್ದಿರುತ್ತೆ, 29 ದಿನಕ್ಕೊಮ್ಮೆ ಟೈಟಾನ್ ಕಕ್ಷೆಗೆ ಬಂದು ಎಲ್ಲರ ಸಂಚಾರಕ್ಕೆ ಎದುರಾಗಿ 12 ಕಿ.ಮೀ. ವೇಗದಲ್ಲಿ ಹಾದುಹೋಗುತ್ತೆ. ಅದನ್ನು ಒಂದೇ ತುಂಡಾಗಿ ಬಿಟ್ಟಿದ್ದರೆ ಗುರುತಿಸಿ ಪಟ್ಟಿಯಲ್ಲಿ ಬರೆದಿಡಬಹುದು. ಪುಡಿ ಮಾಡಿದ್ದರೆ ಆಗಲ್ಲ. 2007ರಲ್ಲಿ ಚೀನಾ 865 ಕಿ.ಮೀ. ಎತ್ತರದಲ್ಲಿ ಒಂದೇ ಉಪಗ್ರಹ ಒಡೆದದ್ದಕ್ಕೆ ಗುರುತಿಸಬಹುದಾದ ಚೂರುಗಳೇ 3,000 ದಾಟಿದವು. ಮಿಷನ್ ಶಕ್ತಿಗೆ 300 ಕಿ.ಮೀ. ಆಸುಪಾಸಿನ ಕಡಿಮೆ ಎತ್ತರ ಆರಿಸಿದ್ದು ಗಾಳಿ ಚೂರುಗಳನ್ನು ಬೇಗ ಎಳೆದುಕೊಳ್ಳಲಿ ಅಂತಲೇ. ಆದರೂ ಒಂದಿಷ್ಟು ಚೂರು ಬಾಹ್ಯಾಕಾಶ ನಿಲ್ದಾಣಕ್ಕಿಂತ ಮೇಲಕ್ಕೆ ಹಾರಿದವು. ಟೈಟಾನ್ ಕಕ್ಷೆಯ ದೂರದಲ್ಲಿ ಎಳೆದುಕೊಳ್ಳೋ ಗಾಳಿ ಇಲ್ಲ.

ಗುಂಡುಗಳನ್ನು ಮಂಜುಗಡ್ಡೆಯಲ್ಲಿ ಮಾಡಿದರೆ ಆವಿಯಾಗಿ ಹೋಗುತ್ತವಲ್ಲ ಅನ್ನಿಸಬಹುದು. ಭೂಮಿಯ ಹತ್ತಿರ ಹೋಗುತ್ತಿದ್ದವು. ಶನಿಯ ಚಳಿಯಲ್ಲಿ ಹೋಗಲ್ಲ, ಅಲ್ಲಿನ ಬಳೆಗಳೇ ಮಂಜುಗಡ್ಡೆಯವು.